ಕಾರ್ಡ್ ಹಾಕಿದವನು

ಕಂಪ್ಯೂಟರ್ ರಿಪೇರಿಯವನಿಗೆ ನಾಚಿಕೆ ಇರಬಾರದು ಎಂದು ಸೊಲ್ಲಾಪುರದಲ್ಲಿ ನನಗೆ ಕಲಿಸಿದ ಮಾಸ್ತರರು ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಪುಸ್ತಕ ತೆಗೆದು ನೋಡು, ಅದರಿಂದ ಯಾರ ಮಾನವೂ ಹೋಗುವುದಿಲ್ಲ ಎಂಬುದು ಅವರ ಮಾತಿನ ಅರ್ಥ. ನಾನು ಅದನ್ನು ತಲೆಕೆಳಗು ಮಾಡಿಕೊಂಡೆ. ಗೊತ್ತಿಲ್ಲದಿದ್ದರೂ ಗೊತ್ತಿದ್ದವನ ಹಾಗೆ ಎದೆ ಸೆಟೆಸಿ ನಿಲ್ಲಲು ನಾಚಬಾರದು ಎಂದು ತಿಳಿದುಕೊಂಡೆ. ಹಾಗೆ ನಿಂತದ್ದರಿಂದ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ನನ್ನ ಹೆಂಡತಿಗೂ ಅರ್ಧವೇ ಗೊತ್ತು.

ತೊಂಬತ್ತೊಂಬತ್ತನೇ ಇಸವಿಯ ಮಾತು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ನಾನು ಕ್ಲಾಸು ನಡೆಸುತ್ತಿದ್ದೆ, ರಿಪೇರಿಯನ್ನೂ ಮಾಡುತ್ತಿದ್ದೆ. ಕಲಿತದ್ದು ಆರು ತಿಂಗಳ ಕೋರ್ಸು. ಬೋರ್ಡಿನ ಮೇಲೆ ಬರೆಸಿದ್ದು ‘ಹಾರ್ಡ್‌ವೇರ್ ಇಂಜಿನಿಯರ್’. ಊರವರು ‘ಅನಿಲ ಸರ್’ ಎನ್ನುತ್ತಿದ್ದರು. ಇಪ್ಪತ್ನಾಲ್ಕು ವರ್ಷದವನನ್ನು ಹಾಗೆ ಕರೆದರೆ ಅವನು ಕೆಡದೆ ಇನ್ನೇನಾದಾನು?

ಆ ವರ್ಷದ ಮಾರ್ಚಿನಲ್ಲಿ ಇಂಡಿ ತಾಲೂಕಿನ ಒಂದು ನಿಂಬೆ ಬೆಳೆಗಾರರ ಸಂಘದಿಂದ ನನಗೆ ಕರೆ ಬಂತು. ಹೊರ್ತಿ, ಝಳಕಿಯ ನಡುವೆ ಒಳಗೆ ಹೋಗುವ ಒಂದು ಹಳ್ಳಿ ಅದು. ಹೆಸರು ಬೇಡ. ಅಲ್ಲಿನವರು ಇನ್ನೂ ಅಲ್ಲೇ ಇದ್ದಾರೆ, ನನ್ನನ್ನು ಮರೆತಿದ್ದರೆ ಒಳ್ಳೆಯದು. ಸಂಘದ ಕಾರ್ಯದರ್ಶಿ ರೇವಣಪ್ಪನವರು ಪುಣೆಯಿಂದ ಯಾರೋ ಬಳಸಿ ಬಿಟ್ಟ ಒಂದು ಹಳೆಯ ಕಂಪ್ಯೂಟರ್ ತರಿಸಿದ್ದರು. ಅದರೊಳಗೆ ಫ್ಯಾಕ್ಸ್ ಕಾರ್ಡ್ ಕೂರಿಸಿ ಟೆಲಿಫೋನ್ ತಂತಿ ಸಿಕ್ಕಿಸಿದರೆ ಪುಣೆ, ಮುಂಬಯಿಯ ಮಾರ್ಕೆಟ್ಟಿನ ಧಾರಣೆ ನೇರವಾಗಿ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಕಾರ್ಡು ಆಗಲೇ ಬಂದಿತ್ತು, ಕೂರಿಸುವವನು ಬೇಕಾಗಿತ್ತು.

ಮೂರನೇ ತಾರೀಖು ಬುಧವಾರ ನಾನು ಇಂಡಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದಾಗ ಆಫೀಸಿನ ತುಂಬ ಜನ. ಹತ್ತು ಹನ್ನೆರಡು ಮಂದಿ ರೈತರು ಟವೆಲು ಹೆಗಲಿಗೆ ಹಾಕಿಕೊಂಡು, ದನದ ವೈದ್ಯ ಬಂದಾಗ ನಿಲ್ಲುವಂತೆ ಸುತ್ತ ನಿಂತಿದ್ದರು. ನನಗೆ ಒಳಗೊಳಗೇ ಖುಷಿ. ಬ್ಯಾಗಿನಿಂದ ಸೊಲ್ಲಾಪುರದ ನೋಟ್ಸಿನ ದಪ್ಪ ಫೈಲು ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ. ಅದನ್ನು ತೆರೆಯುವ ಆಸಾಮಿ ನಾನಲ್ಲ. ಎದುರಿಗೆ ಜನ ಇರುವಾಗ ಪುಸ್ತಕ ನೋಡಿ ಕೆಲಸ ಮಾಡಿದರೆ ಇಂಜಿನಿಯರ್ ಎಂದು ಯಾರು ನಂಬುತ್ತಾರೆ?

ಡಬ್ಬದ ಮುಚ್ಚಳ ಬಿಚ್ಚಿ ಧೂಳು ಊದಿದೆ. ಹಿಂಬದಿಯ ತಗಡಿನ ಪಟ್ಟಿ ತೆಗೆದು, ಕಪ್ಪಗಿನ ಉದ್ದ ಸ್ಲಾಟಿನೊಳಗೆ ಕಾರ್ಡನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಕಟಕ್ ಎಂದು ಕೂತಿತು. ಸ್ಕ್ರೂ ಬಿಗಿದೆ. ಇನ್ನು ಫ್ಲಾಪಿಗಳಿಂದ ಅದರ ಸಾಫ್ಟ್‌ವೇರ್ ತುಂಬುವುದಿತ್ತು. ಅದು ನಿಧಾನದ ಕೆಲಸ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯಂತೆ ಹರಿಯುತ್ತ ಹೋಗುತ್ತದೆ, ನೋಡುತ್ತ ಕೂರಬೇಕು. ರೈತರಿಗೆ ಬೇಸರ ಬಂದು ಒಬ್ಬೊಬ್ಬರಾಗಿ ಎದ್ದು ಹೋದರು. ರೇವಣಪ್ಪನವರು ಊಟಕ್ಕೆ ಹೋದರು. ಆಫೀಸಿನಲ್ಲಿ ಉಳಿದವರು ನಾನು ಮತ್ತು ಅಲ್ಲಿ ಕಸ ಹೊಡೆದು ಚಹಾ ಮಾಡಿಕೊಡುವ ಶೇವಂತೆವ್ವ.

ಐವತ್ತರ ಆಜುಬಾಜಿನ ಹೆಂಗಸು. ಗಂಡ ಇಲ್ಲ. ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಹತ್ತಿರ ಬಂದಳು. ಸೊಂಟದ ಸಂಚಿಯಿಂದ ಎಲೆ, ಅಡಿಕೆ ಸರಿಸಿ ಒಂದು ಖಾಲಿ ಪೋಸ್ಟ್‌ಕಾರ್ಡ್ ತೆಗೆದಳು.

“ತಮ್ಮಾ, ಒಂದೆರಡ ಅಕ್ಷರಾ ಬರ್ದ ಕೊಡ್ತೀಯೇನು?”

“ಇಲ್ಲೆ ಬರಿಯಾಕ ಬರೂ ಮಂದಿ ಯಾರೂ ಇಲ್ಲೇನ್ ಬೇ?” ಎಂದೆ.

“ಅದಾರೋ ಯಪ್ಪಾ, ಅದಾರಂತನ ನಿನ್ನ ಹಂತ್ಯಾಕ ಬಂದೀನಿ,” ಎಂದಳು.

ಅವಳ ಸಂಗತಿ ಇಷ್ಟು. ಒಬ್ಬಳೇ ಮಗಳು ಪ್ರಿಯದರ್ಶಿನಿ. ಅವಳನ್ನು ತನ್ನ ತಮ್ಮ ಅಮಸಿದ್ದನ ಮಗನಿಗೆ ಕೊಡುತ್ತೇನೆಂದು ಶೇವಂತೆವ್ವ ಮಾತು ಕೊಟ್ಟಿದ್ದಳು. ಮಗಳು ಒಲ್ಲೆನೆಂದು ಮುದ್ದೇಬಿಹಾಳ ಕಡೆಯ ಯುವರಾಜ ಎಂಬ ಟ್ರ್ಯಾಕ್ಟರ್ ಡ್ರೈವರನನ್ನು ಮದುವೆಯಾದಳು. ಶೇವಂತೆವ್ವ ಮದುವೆಗೆ ಹೋಗಲಿಲ್ಲ. ಎರಡು ವರ್ಷ ತಾಯಿ ಮಗಳಿಗೆ ಮಾತಿಲ್ಲ, ಕತೆಯಿಲ್ಲ. ಈಗ ಮಗಳಿಗೆ ಏಳು ತಿಂಗಳು. ಹದಿನೈದನೇ ತಾರೀಖು ಸೋಮವಾರ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬುತ್ತಿ ಒಯ್ದು ಕುಬಸ ಮಾಡುವುದು ತವರಿನವರ ಕೆಲಸ. ಕುಬಸ ಮಾಡಿದವರೇ ಬಾಣಂತನಕ್ಕೆ ಕರೆತರಬೇಕು. ಮಗಳು ಯಾರದೋ ಕೈಯಲ್ಲಿ ಹೇಳಿಕಳಿಸಿದ್ದಳು: ಸೋಮವಾರದೊಳಗೆ ಅವ್ವನ ಕಾಗದ ಬಂದರೆ ದಾರಿ ಕಾಯುತ್ತೇನೆ, ಬರದಿದ್ದರೆ ನನಗೆ ಅವ್ವ ಇಲ್ಲ ಎಂದು ತಿಳಿಯುತ್ತೇನೆ.

“ಕರೀದs ಹೋದ್ರ ಆಕಿ ಅತ್ತಿ ಮನ್ಯಾಗ ಹೊಸ್ತಲಾ ತುಳಿಸಿಕೊಡ್ತಾರೋ ಇಲ್ಲೋ. ಲಗ್ನಕ್ಕ ಹೋಗಲಾರದಾಕಿ ನಾ. ಅದಕ್ಕ ನೀ ಕೇಳಿ ಬರಿ, ಬರ್ಲೇನವಾ ಅಂತ. ಆಕಿ ಹೂಂ ಅಂದ್ರ ಹೋಗ್ತೇನಿ,” ಎಂದಳು.

ಮಗಳ ಹಳ್ಳಿಗೆ ಇನ್ನೂ ಫೋನು ಬಂದಿರಲಿಲ್ಲ. ಇಲ್ಲಿನ ಡಬ್ಬಿಗೆ ಹಾಕಿದರೆ ಕಾರ್ಡು ಊರು ಬಿಡುವ ಮೊದಲು ಅದರಲ್ಲಿದ್ದದ್ದು ಅಮಸಿದ್ದನ ಕಿವಿಗೆ ಬೀಳುತ್ತದೆ ಎಂದು ಅವಳಿಗೆ ಹೆದರಿಕೆ. ಕಾರ್ಡು ಅಂದರೆ ಬಾಯಿ ತೆರೆದ ಪಾತ್ರೆ ತಾನೇ, ಯಾರ ಕೈಗೆ ಸಿಕ್ಕರೂ ಓದುತ್ತಾರೆ. ಪರಊರಿನವನಾದ ನಾನು ಬರೆದು, ನಾನೇ ಸಿಂದಗಿಯಲ್ಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತು ಸರಿಯಾಗಿಯೇ ಇತ್ತು.

ಅವಳು ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ನನ್ನ ಒಂದು ಕಣ್ಣು ನೀಲಿ ಪಟ್ಟಿಯ ಮೇಲೆ. ಎರಡನೇ ಫ್ಲಾಪಿ ಕೇಳಿತು, ಹಾಕಿದೆ. ಮೂರನೆಯದು ಕೇಳಿತು. ಅವಳ ದನಿ ನಡುವೆ ಒಮ್ಮೆ ನಿಂತದ್ದು, ಸೆರಗಿನಿಂದ ಮೂಗು ಒರೆಸಿಕೊಂಡದ್ದು ಮಾತ್ರ ನೆನಪಿದೆ. ಕಾರ್ಡಿನ ಮೂಲೆಯಲ್ಲಿ 3 ಎಂದು ತಾರೀಖು ಹಾಕಿ, ಪಕ್ಕದಲ್ಲಿ ತಿಂಗಳು, ಇಸವಿ ಬರೆದು, ಕೆಳಗೆ ಹೀಗೆ ಬರೆದೆ: ‘ಚಿ. ಸೌ. ಪ್ರಿಯದರ್ಶಿನಿಗೆ ತಾಯಿಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಸೋಮವಾರ ದಿ. 15ರ ಕುಬಸಕ್ಕೆ ನಾನು ಬರಬೇಕೋ ಹೇಗೆ ಎಂಬುದನ್ನು ಕೂಡಲೇ ತಿಳಿಸುವುದು.’

ಓದಿ ತೋರಿಸಿದೆ. ಅವಳು ಕಾರ್ಡನ್ನೇ ನೋಡಿದಳು. “ಇಷ್ಟs ಏನು? ನಾ ಭಾಳ ಹೇಳಿದ್ನೆಲ್ಲ ತಮ್ಮಾ,” ಎಂದಳು.

“ಎಲ್ಲಾ ಬಂದೈತಿ ಬೇ. ಬರಿಯೂ ಭಾಷಾ ಹಂಗs ಇರ್ತದ,” ಎಂದೆ. ಕಲಿತವನ ಮಾತು ಎಂದು ಒಪ್ಪಿಕೊಂಡಳು. ವಿಳಾಸ ಹೇಳಿದಳು, ಅದನ್ನು ಬಾಯಿಪಾಠ ಮಾಡಿಟ್ಟಿದ್ದಳು. ಕಾರ್ಡು ಮಡಿಚಿಕೊಳ್ಳಬಾರದೆಂದು ನೋಟ್ಸಿನ ಫೈಲಿನೊಳಗೆ ಸೇರಿಸಿದೆ.

ರೇವಣಪ್ಪನವರು, ರೈತರು ತಿರುಗಿ ಬಂದರು. ಪರೀಕ್ಷೆಗೆಂದು ಫ್ಯಾಕ್ಸ್ ಕಾರ್ಡಿನಿಂದ ನಂಬರು ತಿರುಗಿಸಿದೆ. ಕುಯ್ಯೋ ಎಂದು ಸದ್ದು ಬಂತು, ಅಷ್ಟರಲ್ಲಿ ಮೌಸು ನಿಂತೇಬಿಟ್ಟಿತು. ಎಷ್ಟು ಎಳೆದಾಡಿದರೂ ಪರದೆಯ ಬಾಣ ಅಲ್ಲಾಡಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಅದೇ. ಐದು ಸಲ ಹಾಗಾಯಿತು. ಹಿಂದೆ ಯಾರೋ ಕೆಮ್ಮಿದರು. ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ. ಫೈಲು ಮೊಳದ ದೂರದಲ್ಲಿತ್ತು. ಅಲ್ಲಿ ಕೈ ಚಾಚಿದ್ದರೆ ಎಲ್ಲವೂ ಅಂದೇ ಸರಿಹೋಗುತ್ತಿತ್ತು, ಎರಡೂ ಕಾರ್ಡಿನದು. ಚಾಚಲಿಲ್ಲ.

“ಕಾರ್ಡs ಖರಾಬ್ ಐತ್ರಿ. ಕಂಪನಿ ಮಾಲು ಹಿಂಗs. ನಾ ಬದಲಿ ಮಾಡಿಕೊಂಡು ಬರ್ತೇನಿ,” ಎಂದು ರೇವಣಪ್ಪನವರಿಗೆ ಹೇಳಿದೆ. ಪಾಪ, ಅವರು ನಂಬಿ ತಲೆಯಾಡಿಸಿದರು.

ಸಿಂದಗಿಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಆ ಕಾರ್ಡಿನ ಜೊತೆ ಬಂದ ಚಿಕ್ಕ ಪುಸ್ತಕ ಓದಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರಿನೊಳಗೆ ಪ್ರತಿಯೊಂದು ಸಾಧನಕ್ಕೂ ಒಂದು ನಂಬರಿನ ಕರೆಗಂಟೆ ಇರುತ್ತದೆ. ಮೌಸಿನದು ನಾಲ್ಕನೇ ಗಂಟೆ. ಈ ಕಾರ್ಡನ್ನೂ ನಾಲ್ಕಕ್ಕೇ ಇಟ್ಟು ಕಳಿಸಿದ್ದರು. ಇಬ್ಬರೂ ಒಂದೇ ಗಂಟೆ ಬಾರಿಸಿದರೆ ಕಂಪ್ಯೂಟರ್ ಯಾರ ಬಾಗಿಲಿಗೆ ಹೋಗಬೇಕು? ಕಾರ್ಡಿನ ಮೇಲೆ ಸಣ್ಣ ಸೂಜಿಗಳ ಸಾಲು, ಅವಕ್ಕೆ ಹಾಕಿದ ಜಂಪರ್ ಎಂಬ ಜೋಳದ ಕಾಳಿನಷ್ಟು ಪ್ಲಾಸ್ಟಿಕ್ ಟೋಪಿ. ಅದನ್ನು ಕಿತ್ತು ಐದನೇ ಸಾಲಿಗೆ ಹಾಕಬೇಕಿತ್ತು, ಅಷ್ಟೇ. ಚಿಮಟಿಗೆಯಿಂದ ಎತ್ತಿ ಹಾಕಿದೆ. ಅರ್ಧ ನಿಮಿಷ ಹಿಡಿಯಲಿಲ್ಲ.

ಶನಿವಾರ, ಆರನೇ ತಾರೀಖು, ಅದೇ ಕಾರ್ಡನ್ನು ಹೊಸ ಡಬ್ಬದಲ್ಲಿಟ್ಟು ಒಯ್ದೆ. “ಬ್ಯಾರೆ ಕಾರ್ಡ ತಂದೀನ್ರಿ,” ಎಂದೆ. ಇದು ನಾನು ಆ ಊರಿನಲ್ಲಿ ಹೇಳಿದ ಎರಡನೇ ಸುಳ್ಳು. ಮೊದಲನೆಯದನ್ನು ಅವರು ನುಂಗಿದ್ದರಿಂದ ಇದು ಸಲೀಸಾಗಿ ಹೊರಬಂತು.

ಕುಕ್ಕರಗಾಲಲ್ಲಿ ಕೂತು ತಲೆಯನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಹಾಕಿ ಸ್ಕ್ರೂ ಬಿಗಿಯುತ್ತಿದ್ದೆ. ಶೇವಂತೆವ್ವ ಚಹಾದ ಕಪ್ಪು ತಂದು ಪಕ್ಕದಲ್ಲಿಟ್ಟಳು. ಸುತ್ತಲೂ ಜನ. ದನಿ ತಗ್ಗಿಸಿ ಕೇಳಿದಳು:

“ತಮ್ಮಾ, ಕಾರ್ಡ ಹಾಕಿದೇನು?”

ಎಲ್ಲರೂ ಅದನ್ನೇ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. “ಹಾಕೀನಿ ಬೇ. ಚಿಂತಿ ಮಾಡಬ್ಯಾಡ,” ಎಂದೆ, ತಲೆ ಎತ್ತದೆ.

“ಮತ್ತ ಆ ಕಡಿಂದ ಉತ್ತರಾ ಬರ್ತೈತಲ್ಲ?”

“ಬರಲಾರದ ಎಲ್ಲಿ ಹೋಗ್ತೈತಿ? ಇಲ್ಲಿಂದ ಕರದ್ವಿ ಅಂದ್ರ ಅಲ್ಲಿಂದ ಉತ್ತರಾ ಬಂದs ಬರ್ತೈತಿ.”

“ನಿನ್ನ ಬಾಯಾಗ ಸಕ್ಕರಿ ಬೀಳಲೆಪ್ಪಾ,” ಎಂದಳು. ಅವಳ ಹೆಜ್ಜೆಯ ಸದ್ದು ದೂರ ಹೋಯಿತು.

ನಮ್ಮ ಕಡೆ ಪತ್ರವನ್ನು ಯಾರೂ ‘ಪೋಸ್ಟ್ ಮಾಡುವುದಿಲ್ಲ’, ಕಾರ್ಡು ‘ಹಾಕುತ್ತಾರೆ’. ಹುಟ್ಟಿದಾಗಿನಿಂದ ಆ ಮಾತು ಕೇಳಿ ಬೆಳೆದವನು ನಾನು. ಆದರೂ ಅಂದು ನನ್ನ ಕಿವಿಗೆ ಕಾರ್ಡು ಎಂದರೆ ಸ್ಲಾಟಿನಲ್ಲಿ ಕೂರುವ ಹಸಿರು ಹಲಗೆ, ಉತ್ತರ ಎಂದರೆ ಫೋನಿನ ಆಚೆ ತುದಿಯ ಯಂತ್ರ ಕೊಡುವ ಕಿರಿಕಿರಿ ಸದ್ದು. ಅವಳ ಕಾರ್ಡು ನನ್ನ ತಲೆಯಿಂದ ಆಗಲೇ ಬಿದ್ದುಹೋಗಿತ್ತು. ಅದು ಮೇಜಿನ ಮೇಲೆ ನನ್ನ ಫೈಲಿನೊಳಗೆ, ಅವಳು ನಿಂತ ಜಾಗದಿಂದ ಎರಡು ಹೆಜ್ಜೆಯಲ್ಲಿತ್ತು.

ಫ್ಯಾಕ್ಸು ಹೋಯಿತು. ಸೊಲ್ಲಾಪುರದ ವ್ಯಾಪಾರಿ ಫೋನು ಮಾಡಿ ಮುಟ್ಟಿತು ಎಂದ. ರೈತರು ಚಪ್ಪಾಳೆ ತಟ್ಟಿದರು, ಚುರುಮುರಿ ತರಿಸಿದರು. ನಾನು ಮೀಸೆಯಲ್ಲೇ ನಗುತ್ತ ಬಸ್ಸು ಹತ್ತಿದೆ.

ಮುಂದಿನ ಶನಿವಾರ, ಹದಿಮೂರನೇ ತಾರೀಖು, ಮುಂಜಾನೆಯ ಕ್ಲಾಸು. ಹುಡುಗರಿಗೆ ಈ ಗಂಟೆಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸೋಣ ಎಂದು ಫೈಲು ತೆರೆದೆ. ಸರಿಯಾಗಿ ಆ ಪಟ್ಟಿಯ ಹಾಳೆಯ ಮೇಲೆಯೇ ಹಳದಿ ಪೋಸ್ಟ್‌ಕಾರ್ಡ್ ಕೂತಿತ್ತು. ನನ್ನದೇ ಅಕ್ಷರ. ‘ಕೂಡಲೇ ತಿಳಿಸುವುದು.’

ಅವಳು ಅಂದು ಏನು ಕೇಳಿದ್ದಳು, ನಾನು ಏನು ಹೇಳಿದ್ದೆ ಎಂಬುದು ಆಗ ಅರ್ಥವಾಯಿತು. ಅಲ್ಲಿ ಆ ಹೆಂಗಸು ವಾರದಿಂದ ದಿನಾ ಉತ್ತರದ ದಾರಿ ಕಾಯುತ್ತಿರಬೇಕು. ಮಗಳು ಅತ್ತ ಅವಳ ಕಾಗದದ ದಾರಿ ಕಾಯುತ್ತಿರಬೇಕು.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಿಜವಾಗಿ ನಾಚಿಕೆ. ಮರೆತದ್ದು ಮರೆವು, ಅದನ್ನು ಯಾರಾದರೂ ಹೊಟ್ಟೆಗೆ ಹಾಕಿಕೊಂಡಾರು. ಆದರೆ ಅಂದು ಶನಿವಾರ. ಕುಬಸ ಸೋಮವಾರ. ಸಿಂದಗಿಯಿಂದ ತಾಳಿಕೋಟಿ ಮೇಲೆ ಮುದ್ದೇಬಿಹಾಳಕ್ಕೆ ಬಸ್ಸಿದೆ, ಅರ್ಧ ದಿನದ ಹಾದಿ. ನಾನೇ ಹೋಗಿ ಆ ಹುಡುಗಿಯ ಕೈಯಲ್ಲಿ ಕಾರ್ಡಿಟ್ಟು, ತಪ್ಪು ನನ್ನದು ತಂಗೀ, ನಿಮ್ಮವ್ವ ಹತ್ತು ದಿನದ ಹಿಂದೆಯೇ ಬರೆಸಿದ್ದಾಳೆ ಎಂದಿದ್ದರೆ ಆಗಿಹೋಗುತ್ತಿತ್ತು. ಯಾರೂ ನನ್ನನ್ನು ಹಿಡಿದು ಹೊಡೆಯುತ್ತಿರಲಿಲ್ಲ. ಭಾನುವಾರ ನನಗೆ ರಜೆ ಬೇರೆ.

ನಾನು ಮಾಡಿದ್ದು ಇದು. ಪೆನ್ನು ತೆಗೆದುಕೊಂಡು 3ರ ಹಿಂದೆ ಒಂದು ಗೀಟು ಎಳೆದೆ. ಅದು 13 ಆಯಿತು. ಶಾಯಿಯೂ ಅದೇ, ಯಾರಿಗೂ ಗುರುತು ಸಿಗದ ಹಾಗೆ ಬಂತು. ಕಾರ್ಡು ತಡವಾದದ್ದು ನನ್ನಿಂದ ಎಂದು ಯಾರಿಗೂ ತಿಳಿಯಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಆ ಒಂದು ಗೀಟು ತಾಯಿಯ ತಲೆಯ ಮೇಲೆ ಏನು ಹೊರಿಸುತ್ತದೆ ಎಂದು ಯೋಚಿಸಲೇ ಇಲ್ಲ. ಬಸ್‌ಸ್ಟ್ಯಾಂಡಿನ ಮುಂದಿನ ಕೆಂಪು ಡಬ್ಬಿಗೆ ಹಾಕಿ ಬಂದು, ಬಿಟ್ಟಲ್ಲಿಂದ ಪಾಠ ಮುಂದುವರಿಸಿದೆ.

ಹತ್ತು ಹನ್ನೆರಡು ದಿನಗಳಾದ ಮೇಲೆ, ಮಟಮಟ ಮಧ್ಯಾಹ್ನ, ಕ್ಲಾಸು ನಡೆದಿರುವಾಗ ಶೇವಂತೆವ್ವ ಬಾಗಿಲಲ್ಲಿ ಬಂದು ನಿಂತಳು. ಬೆವರಿಗೆ ಕುಂಕುಮವಿಲ್ಲದ ಹಣೆ ಹೊಳೆಯುತ್ತಿತ್ತು. ಎರಡು ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಬಂದಿದ್ದಳು. ಕೈಯಲ್ಲಿ ಅಂಟು ಬಿಚ್ಚದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ.

“ಉತ್ತರಾ ಬಂದೈತಿ ತಮ್ಮಾ. ನೀ ಬರದಾಂವ, ನೀನs ಓದಬೇಕು ಅಂತ ಒಡೀಲಾರ್ದ ತಂದೀನಿ,” ಎಂದಳು. ಮುಖದಲ್ಲಿ ಹೆದರಿಕೆ ಇತ್ತು, ಆಸೆಯೂ ಇತ್ತು. ಕುಬಸ ತಪ್ಪಿತ್ತು ನಿಜ, ಆದರೆ ಕಾಗದ ಬಂದಿದೆಯಲ್ಲ. ಬಾಣಂತನಕ್ಕಾದರೂ ಕರೆದಿರಬಹುದು.

ಹುಡುಗರಿಗೆ ಕೇಳಿಸಬಾರದೆಂದು ಅವಳನ್ನು ಹೊರಗೆ ಬೇವಿನ ಗಿಡದ ನೆರಳಿಗೆ ಕರೆದೊಯ್ದೆ. ಆಗಲೂ ನನ್ನ ಮಾನದ ಚಿಂತೆಯೇ ನನಗೆ. ಪತ್ರ ಒಡೆದೆ. ದುಂಡಗಿನ ಶಾಲೆಯ ಅಕ್ಷರ. ಮೊದಲು ಮನಸ್ಸಿನಲ್ಲೇ ಓದಿಕೊಂಡೆ.

‘ಅವ್ವಗ, ನಿನ್ನ ಕಾರ್ಡು ಕುಬಸ ಆದ ಎರಡು ದಿನಕ್ಕ ಬಂತು. ಹದಿಮೂರಕ್ಕ ಬರಸೀದಿ. ಹದಿನೈದರೊಳಗ ಮುಟ್ಟೂದಿಲ್ಲ ಅಂತ ನಿನಗ ಗೊತ್ತಿತ್ತು. ಬರೂ ಮನಸ್ಸು ಇರಲಿಲ್ಲ, ಮಂದಿ ಬಾಯಿ ಮುಚ್ಚಾಕ ಒಂದು ಕಾರ್ಡು ಹಾಕಿದಿ. ಅದರಾಗ ಒಂದು ಒಳ್ಳೆ ಮಾತಿಲ್ಲ, ನೋಟೀಸ್ ಬಂದಂಗ ಐತಿ. ಕುಬಸ ನಮ್ಮತ್ತಿನs ಮಾಡಿದ್ರು. ಹೆರಿಗಿ ಇಲ್ಲೇ ಆಗ್ತದ. ಇನ್ನ ನೀ ಕಾರ್ಡು ಹಾಕಬ್ಯಾಡ.’

“ಏನ ಬರದಾಳು?” ಎಂದಳು ಶೇವಂತೆವ್ವ.

ಒಂದು ಗಳಿಗೆ ನನ್ನ ಬಾಯಿಗೆ ಮೂರನೇ ಸುಳ್ಳು ಬಂದಿತ್ತು. ಆಕೆಗೆ ಓದು ಬರುವುದಿಲ್ಲ. ಎಲ್ಲರೂ ಆರಾಮ ಇದ್ದಾರಂತೆ, ಹೆರಿಗೆ ಆದ ಮೇಲೆ ಕರೆಯುತ್ತಾಳಂತೆ ಎಂದರೆ ಮುಗಿಯಿತು, ಅವಳು ನನಗೆ ಆಶೀರ್ವಾದ ಮಾಡಿ ಬಸ್ಸು ಹತ್ತುತ್ತಾಳೆ. ಆದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ನನ್ನಿಂದ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಓದಿದೆ.

ಅವಳು ಗಿಡದ ಬುಡಕ್ಕೆ ಕೂತಳು. “ಹದಿಮೂರಂತ ಯಾಕ ಅಂತಾಳು? ನೀ ಬರದದ್ದು ಬುಧವಾರಲ್ಲ? ಅದಾದ ಮ್ಯಾಲ ಅಲ್ಲೇನು ನೀ ತಿರಿಗಿ ಬಂದಿ, ಕಾರ್ಡ ಹಾಕೀನಿ ಅಂದಿ?”

“ನಾ ಹಾಕಿದ್ದಿಲ್ಲ ಬೇ. ನೀ ಕೇಳಿದಾಗ ಕಂಪ್ಯೂಟರಿಂದು ಕೇಳ್ತಿ ಅಂತ ತಿಳಕೊಂಡೆ. ನಿಂದು ನನ್ನ ಫೈಲಿನ್ಯಾಗs ಉಳೀತು. ಶನಿವಾರ ಸಿಕ್ತು. ತಡಾ ಆಗಿದ್ದು ಗೊತ್ತಾಗಬಾರದಂತ ತಾರೀಖು ನಾನs ತಿದ್ದಿದೆ,” ಎಂದೆ.

“ಹೆಂಗ ತಿದ್ದಿದಿ?”

“ಮೂರರ ಹಿಂದ ಒಂದು ಗೀಟು ಎಳದೆ.”

ಅವಳು ಬೆರಳಿನಿಂದ ಮಣ್ಣಿನಲ್ಲಿ ಒಂದು ಗೀಟು ಎಳೆದಳು. “ಇಷ್ಟs?” ಎಂದು ಕೇಳಿದಳು.

ನಾನು ಹೂಂ ಎಂದೆ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ಏಟು ಹಾಕಿದ್ದರೂ ತಿನ್ನುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಅದುವರೆಗೆ ನನ್ನನ್ನು ತಮ್ಮಾ, ನೀನು ಎನ್ನುತ್ತಿದ್ದವಳು, “ಸಾಹೇಬ್ರ, ನೀವು ನನ್ನ ಜೋಡಿ ಬರಬೇಕ್ರಿ. ಆಕಿ ಮುಂದ ನಿಂತು ಹೇಳಬೇಕ್ರಿ,” ಎಂದಳು. ಆ ‘ರಿ’ ನನಗೆ ಕಪಾಳಕ್ಕೆ ಹೊಡೆದಂತಾಯಿತು.

ಮರುದಿನವೇ ಹೋದೆವು. ಮುದ್ದೇಬಿಹಾಳದಲ್ಲಿ ಇಳಿದು ಟೆಂಪೋ ಹತ್ತಿ ಆ ಹಳ್ಳಿ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಅವಳ ಮಡಿಲಲ್ಲಿ ಒಂದು ಬುತ್ತಿಯ ಗಂಟು, ಒಂದು ಹಸಿರು ಸೀರೆ.

ಯುವರಾಜನ ಮನೆಯ ಅಂಗಳದಲ್ಲಿ ಅವನ ತಾಯಿ ಬೇಳೆ ಹಸನು ಮಾಡುತ್ತಿದ್ದಳು. ಓಣಿಯ ನಾಲ್ಕಾರು ಹೆಂಗಸರಿದ್ದರು. ಯಾರೋ ಬಂದಿದ್ದಾರೆಂದು ಪ್ರಿಯದರ್ಶಿನಿ ಹೊರಗೆ ಬಂದಳು. ತುಂಬಿದ ಬಸುರಿ, ಮೊಳಕೈವರೆಗೆ ಹಸಿರು ಬಳೆ. ತಾಯಿಯನ್ನು ಕಂಡು ಬಾಗಿಲಲ್ಲೇ ನಿಂತಳು. ಶೇವಂತೆವ್ವ ಅಂಗಳದ ಹೊರಗೇ ನಿಂತಳು, ಒಳಗೆ ಕಾಲಿಡಲಿಲ್ಲ. ನನ್ನ ಕಡೆ ನೋಡಿದಳು.

ನಾನು ಹೇಳಿದೆ. ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡುವವನಿಗೆ ನಾಲ್ಕು ಮಾತು ಜೋಡಿಸಲು ಬೆವರು ಇಳಿಯಿತು. ನಾನು ಸಿಂದಗಿಯವನು, ಕಂಪ್ಯೂಟರ್ ಕೆಲಸದವನು, ನಿಮ್ಮವ್ವ ಮೂರನೇ ತಾರೀಖಿಗೇ ಕಾರ್ಡು ಬರೆಸಿದ್ದಳು, ಹಾಕುವುದನ್ನು ನಾನು ಮರೆತೆ, ಹಾಕಿದ್ದೇನೆಂದು ಹೇಳಿದೆ, ಆಮೇಲೆ ತಾರೀಖು ತಿದ್ದಿದೆ. ಹೆಂಗಸರು ಬೇಳೆಯ ಮೊರ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ ಎಂದು ನಿಂತೆ.

ಪ್ರಿಯದರ್ಶಿನಿ ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಕಾರ್ಡು ತಂದು ಆ ಗೀಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

“ಈ ಮಾತು ನಮ್ಮವ್ವನ್ವು ಅಲ್ಲ. ನಮ್ಮವ್ವ ಹಿಂಗ ಮಾತಾಡೂದಿಲ್ಲ. ಆಕಿ ಅವತ್ತ ಏನ ಹೇಳಿದ್ಲು, ಇದ್ದದ್ದು ಇದ್ದಂಗ ಹೇಳ್ರಿ.”

ನಾನು ಬಾಯಿ ತೆರೆದೆ. ಆ ಮಧ್ಯಾಹ್ನದ ನೀಲಿ ಪಟ್ಟಿ ನೆನಪಾಯಿತು. ಎರಡನೇ ಫ್ಲಾಪಿ, ಮೂರನೇ ಫ್ಲಾಪಿ ನೆನಪಾದವು. ಎಷ್ಟನೇ ಫ್ಲಾಪಿಯಲ್ಲಿ ಯಾವ ತಪ್ಪು ಬಂತು ಎಂದು ಕೇಳಿದ್ದರೆ ಪಟಪಟನೆ ಹೇಳುತ್ತಿದ್ದೆ. ಅವಳ ಒಂದು ಮಾತೂ ನೆನಪಿರಲಿಲ್ಲ.

“ಹೇಳ್ರಿ,” ಎಂದಳು ಹುಡುಗಿ.

“ನಾ ಕೇಳಿಸಿಕೊಂಡಿದ್ದಿಲ್ಲವಾ,” ಎಂದೆ. ತಾರೀಖು ತಿದ್ದಿದ್ದನ್ನು ಹೇಳುವಾಗಲೂ ನನ್ನ ದನಿ ಅಷ್ಟು ಕೆಳಗಿಳಿದಿರಲಿಲ್ಲ.

ಶೇವಂತೆವ್ವ ನನ್ನನ್ನು ದಾಟಿ ಮುಂದೆ ಬಂದಳು. “ಅವರನ್ನೇನ ಕೇಳ್ತಿ? ನಾ ಇಲ್ಲೇ ಅದೀನಲ್ಲ,” ಎಂದಳು. ಅಂಗಳದ ಅಂಚಿನಲ್ಲಿ ನಿಂತೇ ಮಗಳಿಗೆ ಹೇಳತೊಡಗಿದಳು. “ಮಾತ ಕೊಟ್ಟಾಕಿ ನಾನು, ಬಾಳ್ವೆ ಮಾಡಾಕಿ ನೀನು. ನನ್ನ ಮಾತ ಉಳೀಲಿ ಅಂತ ನಿನ್ನ ಜಲ್ಮಾ ಕೇಳಿದೆ ನೋಡವಾ, ಅದು ನಂದು ತಪ್ಪು. ನಿನ್ನ ಲಗ್ನದ ದಿನಾ ಹೊಸಾ ಸೀರಿ ಉಟಕೊಂಡು, ಬಾಗಲಾ ಹಾಕ್ಕೊಂಡು ಕುಂತಿದ್ದೆ. ಅಕ್ಕಿಕಾಳು ಬೀಳೂ ಹೊತ್ತಿಗಿ ದೇವ್ರ ಜಗಲಿಗಿ ನಾಕ ಕಾಳು ಒಗದೆ. ಇದನ್ನs ಅವತ್ತ ಬರಿ ಅಂದಿದ್ದೆ.”

ಪ್ರಿಯದರ್ಶಿನಿ ಅಳಲಿಲ್ಲ. ಅವಳ ಅತ್ತೆ ಎದ್ದು ಸೊಸೆಯ ಕೈಗೆ ನೀರಿನ ತಂಬಿಗೆ ಕೊಟ್ಟಳು. ಹುಡುಗಿ ಭಾರದ ಹೆಜ್ಜೆ ಇಡುತ್ತ ಬಂದು ತಾಯಿಯ ಕಾಲಿಗೆ ನೀರು ಹಾಕಿ ಒಳಗೆ ಕರೆದಳು. ನಾನು ಅಂಗಳದ ಹೊರಗೆ ಬೇಲಿಯ ಹತ್ತಿರ ನಿಂತೆ. ಒಳಗಿಂದ ಮೊದಲು ಜೋರಾದ ಮಾತು, ಆಮೇಲೆ ಅಳು, ಆಮೇಲೆ ರೊಟ್ಟಿಯ ವಾಸನೆ ಬಂತು. ಯುವರಾಜ ಬಂದು ನನ್ನನ್ನೂ ಊಟಕ್ಕೆ ಕರೆದ. ನಾನು ಹೋಗಲಿಲ್ಲ.

ಇಳಿಹೊತ್ತಿಗೆ ತಾಯಿ, ಅವಳು ತಂದ ಹಸಿರು ಸೀರೆ ಉಟ್ಟ ಮಗಳು, ಬಾಣಂತನದ ಬಟ್ಟೆಯ ಗಂಟಿನೊಂದಿಗೆ ತವರಿಗೆ ಹೊರಟರು. ಯುವರಾಜ ಮುದ್ದೇಬಿಹಾಳದವರೆಗೆ ಬಂದು ಬಿಜಾಪುರದ ಬಸ್ಸು ಹತ್ತಿಸಿದ. ನಾನು ತಾಳಿಕೋಟಿ ಮೇಲೆ ಹೋದರೆ ನನ್ನ ಊರು ಹತ್ತಿರ. ಆದರೂ ಗಂಟು ಹಿಡಿಯಲು ಯಾರಾದರೂ ಬೇಕಾದೀತು ಎಂದು ಅವರ ಬಸ್ಸನ್ನೇ ಹತ್ತಿದೆ. ಅವರು ಮುಂದಿನ ಸೀಟಿನಲ್ಲಿ ಕೂತರು. ಹುಡುಗಿ ತಾಯಿಯ ಹೆಗಲಿಗೆ ತಲೆ ಹಚ್ಚಿದಳು. ನಾನು ಅವರ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಪಕ್ಕದಲ್ಲೇ ಕಂಬ ಹಿಡಿದು ನಿಂತೆ. ಬಸವನ ಬಾಗೇವಾಡಿಯವರೆಗೆ ಇಬ್ಬರೂ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಅಲ್ಲಿ ಹೊಸ ಕಂಡಕ್ಟರ್ ಹತ್ತಿದ. ಟಿಕೆಟ್ ನೋಡುತ್ತ ಬಂದವನು ನನ್ನ ಕಾಲ ಬಳಿಯ ಗಂಟು ನೋಡಿದ, ಬಸುರಿಯನ್ನು ನೋಡಿದ, “ಮೂರೂ ಮಂದಿ ಕೂಡೇ ಏನ್ರಿ?” ಎಂದು ಕೇಳಿದ.

ಹೌದು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಶೇವಂತೆವ್ವ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

“ಇಲ್ರಿ. ನಾವಿಬ್ಬರs. ಅವರು ಬ್ಯಾರೆ.”